ಚಿನ್ನ ಕೆಂಪಾಗುವ ಅಳತೆ: ನಮ್ಮ ಮನೆಯೊಳಗಿನ ನ್ಯಾನೋ

2016ರ ನವೆಂಬರ್ ನೆನಪಿದೆಯಾ? ಹಳೆ ಐನೂರು, ಸಾವಿರದ ನೋಟು ರದ್ದಾಗಿ, ಗುಲಾಬಿ ಬಣ್ಣದ ಎರಡು ಸಾವಿರದ ನೋಟು ಬಂದ ಹೊಸತು. ನೋಟಿಗಿಂತ ಜೋರಾಗಿ ಓಡಾಡಿದ್ದು ಅದರ ಸುದ್ದಿ. ಒಳಗೆ 'ನ್ಯಾನೋ ಚಿಪ್' ಇದೆಯಂತೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದಂತೆ! ವಾಟ್ಸಾಪ್ ಬಿಡಿ, ಟಿವಿಯಲ್ಲೂ ಗ್ರಾಫಿಕ್ಸ್ ಹಾಕಿ ತೋರಿಸಿದರು. ಅಂಥದ್ದೇನೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೂ ನೋಟನ್ನು ಬೆಳಕಿಗೆ ಹಿಡಿದು ಚಿಪ್ ಹುಡುಕಿದವರಿದ್ದಾರೆ.

ಆ ಚಿಪ್ ಯಾಕೆ ಸಾಧ್ಯವಿರಲಿಲ್ಲ ಅನ್ನುವುದು ಸರಳ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿವೆ. ಅವು ಸಿಗ್ನಲ್ ಕಳಿಸುತ್ತವೆ, ಅಷ್ಟೇ. ಅದನ್ನು ಹಿಡಿದು, ಲೆಕ್ಕ ಹಾಕಿ, 'ನಾನಿಲ್ಲಿದ್ದೇನೆ' ಎಂದು ಬೇರೆಯವರಿಗೆ ತಿಳಿಸಬೇಕಾದರೆ ಆಂಟೆನಾ ಬೇಕು, ಕರೆಂಟ್ ಬೇಕು. ಬ್ಯಾಟರಿಯೇ ಇಲ್ಲದ ಕಾಗದದ ತುಂಡು ಆ ಕೆಲಸ ಮಾಡಲಾರದು. ಆದರೆ ಆ ಗಾಳಿಸುದ್ದಿ ಒಂದು ವಿಷಯ ತೋರಿಸಿಕೊಟ್ಟಿತು. ನ್ಯಾನೋ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಕಣ್ಣಿಗೆ ಕಾಣದ ಪುಟಾಣಿ ಯಂತ್ರ. ನಿಜವಾದ ನ್ಯಾನೋ ಬಹುಪಾಲು ಯಂತ್ರವೇ ಅಲ್ಲ. ಅದು ಪುಡಿ, ಲೇಪ, ಕಣ. ತನ್ನ ಪಾಡಿಗೆ ಕೂತು ಒಂದೇ ಒಂದು ಕೆಲಸ ಮಾಡುವ ವಸ್ತು. ಅದು ಆಗಲೇ ನಿಮ್ಮ ಮನೆಯೊಳಗಿದೆ.

ಮೊದಲು ಅಳತೆ ನೋಡೋಣ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ನ್ಯಾನೋಮೀಟರ್. ತಲೆಕೂದಲಿನ ದಪ್ಪ 80,000ದಿಂದ ಒಂದು ಲಕ್ಷ ನ್ಯಾನೋಮೀಟರ್. ಕೆಂಪು ರಕ್ತಕಣದ ಅಗಲ ಸುಮಾರು 7,000. ಕೊರೊನಾ ವೈರಸ್ 100ರ ಆಸುಪಾಸು. ಡಿಎನ್‌ಎ ಎಳೆಯ ಅಗಲ ಬರೀ 2. ಕೈ ಉಗುರು ಒಂದು ಸೆಕೆಂಡಿಗೆ ಹೆಚ್ಚೂಕಡಿಮೆ ಒಂದು ನ್ಯಾನೋಮೀಟರ್ ಬೆಳೆಯುತ್ತದೆ. ಈ ವಾಕ್ಯ ಓದುವಷ್ಟರಲ್ಲಿ ನಿಮ್ಮದೂ ಬೆಳೆದಿರುತ್ತದೆ. ವಿಜ್ಞಾನಿಗಳು ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ನಡುವಿನ ಜಗತ್ತನ್ನು ನ್ಯಾನೋ ಎಂದು ಕರೆಯುತ್ತಾರೆ.

ಈ ಗಡಿಯನ್ನು ಸುಮ್ನೆ ಹಾಕಿಕೊಂಡಿದ್ದಲ್ಲ. ಚಿನ್ನದ ಸರವನ್ನು ಎರಡು ತುಂಡು ಮಾಡಿ, ನಾಲ್ಕು ಮಾಡಿ, ಅರದಿಂದ ಉಜ್ಜಿ ಪುಡಿ ಮಾಡಿ. ಹಳದಿ ಬಣ್ಣ ಹಾಗೇ ಇರುತ್ತದೆ. ಚಿನ್ನ ಎಂದರೆ ಚಿನ್ನವೇ, ಗಾತ್ರ ಏನಾದರೇನು ಎಂದು ನಾವು ನಂಬಿದ್ದೇವೆ. ಆದರೆ ಆ ಪುಡಿ 100 ನ್ಯಾನೋಮೀಟರಿಗಿಂತ ಕೆಳಗಿಳಿದಾಗ ಈ ನಂಬಿಕೆ ಕೈಕೊಡುತ್ತದೆ. ಬಣ್ಣ ಬದಲಾಗುತ್ತದೆ, ಕರಗುವ ಉಷ್ಣತೆ ಬದಲಾಗುತ್ತದೆ, ಬೇರೆ ವಸ್ತುಗಳ ಜೊತೆಗಿನ ನಡತೆಯೂ ಬದಲಾಗುತ್ತದೆ. ನ್ಯಾನೋ ತಂತ್ರಜ್ಞಾನದ ಬೇರು ಇಲ್ಲಿದೆ: ಆ ಮಟ್ಟದಲ್ಲಿ ಗಾತ್ರ ಬದಲಾದರೆ ಗುಣವೂ ಬದಲಾಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೇ? ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ರೆಗ್ನೆನ್ಸಿ ಕಿಟ್, ಇಲ್ಲವೇ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ರ‍್ಯಾಪಿಡ್ ಟೆಸ್ಟ್ ಕಿಟ್ ತೆಗೆದುಕೊಳ್ಳಿ. ಹನಿ ಹಾಕಿ ಕಾದರೆ ಕೆಂಪು-ಗುಲಾಬಿ ಗೆರೆ ಮೂಡುತ್ತದಲ್ಲ, ಅಂಥ ಹೆಚ್ಚಿನ ಕಿಟ್‌ಗಳಲ್ಲಿ ಆ ಗೆರೆ ಚಿನ್ನ. ನಿಜವಾದ ಚಿನ್ನ. ಸುಮಾರು 40 ನ್ಯಾನೋಮೀಟರ್ ಗಾತ್ರದ ಲೆಕ್ಕವಿಲ್ಲದಷ್ಟು ಕಣಗಳು ಒಂದೇ ಸಾಲಿನಲ್ಲಿ ಬಂದು ಕೂತಾಗ ನಮಗೆ ಕೆಂಪಾಗಿ ಕಾಣುತ್ತವೆ. ನೀಲಿ ಗೆರೆ ಬರುವ ಕಿಟ್‌ಗಳೂ ಇವೆ. ಅವುಗಳಲ್ಲಿ ಸಾಮಾನ್ಯವಾಗಿ ಬಣ್ಣ ಹಾಕಿದ ಲ್ಯಾಟೆಕ್ಸ್ ಮಣಿಗಳಿರುತ್ತವೆ, ಚಿನ್ನವಲ್ಲ.

ಕಿಟ್ ಒಳಗೆ ನಡೆಯುವುದು ಇಷ್ಟು. ಹನಿ ಬೀಳುವ ಜಾಗದ ಪಕ್ಕದ ಪಟ್ಟಿಯಲ್ಲಿ ಚಿನ್ನದ ಕಣಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಪ್ರತಿ ಕಣದ ಮೈಮೇಲೂ ಒಂದು ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಅಂಟಿಕೊಂಡಿರುತ್ತದೆ. ಅದು ಹುಡುಕುವುದು ಒಂದನ್ನೇ. ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎಚ್‌ಸಿಜಿ ಹಾರ್ಮೋನು, ಕೋವಿಡ್ ಕಿಟ್‌ನಲ್ಲಿ ವೈರಸ್ಸಿನ ಪ್ರೋಟೀನು. ದ್ರವ ಪಟ್ಟಿಯುದ್ದಕ್ಕೂ ಹರಿಯುವಾಗ ಚಿನ್ನದ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. 'ಟಿ' ಗೆರೆಯಲ್ಲಿ ಇನ್ನೊಂದು ಪ್ರತಿಕಾಯ ಕಾದು ಕೂತಿರುತ್ತದೆ. ಹಾರ್ಮೋನನ್ನೋ ಪ್ರೋಟೀನನ್ನೋ ಹಿಡಿದುಕೊಂಡು ಬಂದ ಚಿನ್ನದ ಕಣ ಮಾತ್ರ ಅಲ್ಲಿ ಸಿಕ್ಕಿಬೀಳುತ್ತದೆ. ಬರಿಗೈಯಲ್ಲಿ ಬಂದದ್ದು ಮುಂದೆ ಹೋಗುತ್ತದೆ. 'ಸಿ' ಗೆರೆಯಲ್ಲಿ ಎರಡೂ ಬಗೆಯವು ಸಿಕ್ಕಿಬೀಳುತ್ತವೆ. ಹಾಗಾಗಿ 'ಸಿ' ಗೆರೆ ಬಾರದಿದ್ದರೆ ಕಿಟ್ ಕೆಟ್ಟಿದೆ ಎಂದೇ ಲೆಕ್ಕ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಲ್ಯಾಬಿಗೆ ಓಡುವ ಕೆಲಸವೂ ಇಲ್ಲ.

ಹಳದಿ ಚಿನ್ನ ಕೆಂಪಾಗಿದ್ದು ಹೇಗೆ? ಲೋಹದಲ್ಲಿ ಎಲೆಕ್ಟ್ರಾನುಗಳು ಸ್ವತಂತ್ರವಾಗಿ ಓಡಾಡಿಕೊಂಡಿರುತ್ತವೆ. ಕಣ ಅಷ್ಟು ಚಿಕ್ಕದಾದಾಗ ಅವುಗಳಿಗೆ ಓಡಾಡಲು ಜಾಗವಿಲ್ಲ. ಬೆಳಕು ಬಿದ್ದಾಗ ಎಲ್ಲವೂ ಒಟ್ಟಿಗೆ ಹಿಂದೆ ಮುಂದೆ ತೂಗಾಡುತ್ತವೆ. ಆ ತೂಗಾಟಕ್ಕೆ ಹೊಂದುವುದು ಹಸಿರು ಬೆಳಕು. ಹಸಿರನ್ನು ಕಣ ನುಂಗಿಕೊಂಡಿತು, ಉಳಿದದ್ದು ನಮಗೆ ಕೆಂಪಾಗಿ ಕಂಡಿತು. ಅವೇ ಕಣಗಳು ಒಂದಕ್ಕೊಂದು ಅಂಟಿ ಗುಂಪಾದರೆ ಬಣ್ಣ ನೇರಳೆಗೋ ನೀಲಿಗೋ ತಿರುಗುತ್ತದೆ.

ಇದನ್ನು ಮೊದಲು ಸರಿಯಾಗಿ ಗುರುತಿಸಿದವರು ಮೈಕಲ್ ಫ್ಯಾರಡೆ, ಅದೂ 1857ರಲ್ಲಿ. ಚಿನ್ನದ ಲವಣದ ದ್ರಾವಣಕ್ಕೆ ರಂಜಕ ಬೆರೆಸಿ ಮಾಣಿಕ್ಯದ ಬಣ್ಣದ ದ್ರವ ಮಾಡಿದರು. ಅದಕ್ಕೆ ಉಪ್ಪು ಹಾಕಿದಾಗ ನೀಲಿಯಾಯಿತು. ಇದು ಚಿನ್ನವೇ, ತೀರಾ ಸಣ್ಣದಾಗಿ ಒಡೆದಿದ್ದರಿಂದ ಬಣ್ಣ ಬದಲಾಗಿದೆ ಎಂದು ಊಹಿಸಿದರು. ಆ ಕಣಗಳನ್ನು ನೋಡಬಲ್ಲ ಸಾಧನ ಆಗ ಇರಲೇ ಇಲ್ಲ, ಆದರೂ ಊಹೆ ಸರಿಯಾಗಿತ್ತು. ಅವರು ಮಾಡಿಟ್ಟ ದ್ರವದ ಬಾಟಲಿಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈಗಲೂ ಇವೆ.

ಫ್ಯಾರಡೆಗಿಂತ ಹಿಂದೆಯೂ ಕುಶಲಕರ್ಮಿಗಳು ಇದನ್ನು ಗೊತ್ತಿಲ್ಲದೆಯೇ ಬಳಸಿದ್ದರು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ನಾಲ್ಕನೇ ಶತಮಾನದ ರೋಮನ್ ಗಾಜಿನ ಬಟ್ಟಲು, ಲೈಕರ್ಗಸ್ ಕಪ್, ಹೊರಗಿನ ಬೆಳಕಿನಲ್ಲಿ ಹಸಿರು, ಒಳಗೆ ದೀಪವಿಟ್ಟರೆ ಕೆಂಪು. ಗಾಜಿನಲ್ಲಿ ಚಿನ್ನ ಮತ್ತು ಬೆಳ್ಳಿಯ ನ್ಯಾನೋ ಕಣಗಳಿವೆ. ದಕ್ಷಿಣ ಭಾರತದ ಹೆಸರಾಂತ ಉಕ್ಕಿನಿಂದ ಮಾಡುತ್ತಿದ್ದ ಡಮಾಸ್ಕಸ್ ಕತ್ತಿಗಳ ಪೈಕಿ 17ನೇ ಶತಮಾನದ ಒಂದರಲ್ಲಿ ಕಾರ್ಬನ್ ನ್ಯಾನೋ ಕೊಳವೆಗಳು ಕಂಡವು ಎಂದು 2006ರಲ್ಲಿ ಜರ್ಮನಿಯ ಸಂಶೋಧಕರು ಬರೆದರು. ಇದನ್ನು ಹಿಡಿದುಕೊಂಡು 'ನಮ್ಮವರಿಗೆ ಆಗಲೇ ನ್ಯಾನೋ ಗೊತ್ತಿತ್ತು' ಎನ್ನುವವರಿಗೆ ಬರವಿಲ್ಲ. ಕುಲುಮೆಯ ಮುಂದೆ ಕೂತವರಿಗೆ ಕಬ್ಬಿಣದ ಹದ ಗೊತ್ತಿತ್ತು, ಕೊಳವೆ ಗೊತ್ತಿರಲಿಲ್ಲ. ಹದ ಗೊತ್ತಿದ್ದದ್ದೇ ದೊಡ್ಡ ವಿಷಯ, ಅದಕ್ಕೆ ಇಲ್ಲದ ಕಿರೀಟ ಯಾಕೆ?

ಚಿಕ್ಕದಾದಾಗ ಗುಣ ಬದಲಾಗಲು ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಮೇಲ್ಮೈ. ಬೆಲ್ಲದ ಅಚ್ಚನ್ನು ಹಾಗೇ ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ, ಕುಟ್ಟಿ ಹಾಕಿದರೆ ಬೇಗ ಕರಗುತ್ತದೆ. ಕುಟ್ಟಿದಾಗ ನೀರಿಗೆ ತಾಗುವ ಮೈ ಜಾಸ್ತಿಯಾಗುತ್ತದೆ, ಅಷ್ಟೇ. ಈ ಲೆಕ್ಕವನ್ನು ಕೊನೆವರೆಗೂ ಎಳೆದು ನೋಡಿ. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಆರು ಮುಖ, ಒಟ್ಟು ಆರು ಚದರ ಸೆಂಟಿಮೀಟರ್ ಮೈ. ಅದನ್ನೇ ಒಂದು ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ಸುಮಾರು ಒಂದೂವರೆ ಎಕರೆ! ವಸ್ತು ಅಷ್ಟೇ, ತೂಕ ಅಷ್ಟೇ.

ಮೇಲ್ಮೈಯಲ್ಲಿರುವ ಪರಮಾಣುವಿಗೆ ಒಂದು ಬದಿಯಲ್ಲಿ ನೆರೆಹೊರೆಯಿಲ್ಲ. ಹಾಗಾಗಿ ಅದು ಸಿಕ್ಕಿದ್ದರ ಜೊತೆ ಬೆರೆಯಲು ಸದಾ ತಯಾರು. ಮೂರು ನ್ಯಾನೋಮೀಟರಿನ ಕಣದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪರಮಾಣುಗಳು ಮೇಲ್ಮೈಯಲ್ಲೇ ಇರುತ್ತವೆ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಇಷ್ಟು ಸಣ್ಣ ಕಣದಲ್ಲಿ ಅದು ನೂರಾರು ಡಿಗ್ರಿ ಕೆಳಗಿಳಿಯುತ್ತದೆ. ಇನ್ನೂ ಸೋಜಿಗದ್ದು ಜಪಾನಿನ ಮಸತಾಕೆ ಹರೂತ 1980ರ ದಶಕದಲ್ಲಿ ಕಂಡದ್ದು. ತುಕ್ಕು ಹಿಡಿಯದ, ಯಾರ ತಂಟೆಗೂ ಹೋಗದ ಚಿನ್ನ, ಕೆಲವೇ ನ್ಯಾನೋಮೀಟರಿನ ಕಣವಾದಾಗ ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಕಾರ್ಬನ್ ಡೈಆಕ್ಸೈಡ್ ಆಗಿ ಬದಲಿಸಿತು.

ನೀರಿನ ಫಿಲ್ಟರ್‌ಗಳು ಈ ಮೇಲ್ಮೈ ಲೆಕ್ಕವನ್ನೇ ನಂಬಿಕೊಂಡಿವೆ. 2009ರಲ್ಲಿ ಬಂದ ಟಾಟಾ ಸ್ವಚ್ಛ್‌ನಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣ ಸೇರಿಸಿದ್ದರು. ಕರೆಂಟ್ ಬೇಡ. ಬೆಳ್ಳಿಯಿಂದ ಬಿಡುಗಡೆಯಾಗುವ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಬ್ಯಾಕ್ಟೀರಿಯಾ ಕೊಲ್ಲುತ್ತವೆ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಇಂಥ ಲೋಹದ ಕಣಗಳಿಂದ ನೀರಿನಲ್ಲಿರುವ ಕೀಟನಾಶಕವನ್ನು ತೆಗೆಯುವ ದಾರಿ ಹುಡುಕಿತು. ಎಂಡೋಸಲ್ಫಾನ್ ಕೂಡ ಅವರು ಕೆಲಸ ಮಾಡಿದ ಕೀಟನಾಶಕಗಳಲ್ಲಿ ಒಂದು. ಗೇರು ತೋಟಗಳ ಮೇಲೆ ಸಿಂಪಡಿಸಿದ ಆ ವಿಷ ದಕ್ಷಿಣ ಕನ್ನಡ, ಕಾಸರಗೋಡಿನ ಊರುಗಳಿಗೆ ಏನು ಮಾಡಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ಕಾರಣ ಕ್ವಾಂಟಮ್. ಹೆಸರಿಗೆ ಹೆದರಬೇಡಿ. ಕೆಲವು ನ್ಯಾನೋಮೀಟರಿನ ಹರಳಿನೊಳಗೆ ಎಲೆಕ್ಟ್ರಾನ್ ಇಕ್ಕಟ್ಟಿಗೆ ಸಿಗುತ್ತದೆ. ಇಕ್ಕಟ್ಟು ಜಾಸ್ತಿಯಾದಷ್ಟೂ ಅದು ಬಿಡುವ ಬೆಳಕಿನ ಶಕ್ತಿಯೂ ಜಾಸ್ತಿ. ಕ್ಯಾಡ್ಮಿಯಂ ಸೆಲೆನೈಡ್ ಎಂಬ ಒಂದೇ ವಸ್ತುವಿನ ಹರಳು ಎರಡು ನ್ಯಾನೋಮೀಟರ್ ಆದರೆ ನೀಲಿ, ಸ್ವಲ್ಪ ದೊಡ್ಡದಾದರೆ ಹಸಿರು, ಆರರ ಹತ್ತಿರ ಬಂದರೆ ಕೆಂಪು. ಬಣ್ಣ ಬೇಕೆಂದರೆ ಬೇರೆ ರಾಸಾಯನಿಕ ಬೇಡ, ಬೇರೆ ಗಾತ್ರ ಸಾಕು. ಇವನ್ನೇ ಕ್ವಾಂಟಮ್ ಡಾಟ್ ಎನ್ನುವುದು. ಸೋವಿಯತ್ ರಷ್ಯಾದಲ್ಲಿ ಬಣ್ಣದ ಗಾಜಿನೊಳಗೆ ಇದನ್ನು ಕಂಡ ಅಲೆಕ್ಸಿ ಎಕಿಮೋವ್, ಅಮೆರಿಕದಲ್ಲಿ ದ್ರಾವಣದೊಳಗೆ ಕಂಡ ಲೂಯಿಸ್ ಬ್ರೂಸ್, 1993ರಲ್ಲಿ ಒಂದೇ ಅಳತೆಯ ಹರಳು ಬೆಳೆಸುವ ವಿಧಾನ ಕೊಟ್ಟ ಮೌಂಗಿ ಬವೆಂಡಿ, ಈ ಮೂವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅಂಗಡಿಯಲ್ಲಿ ಕ್ಯೂಎಲ್‌ಇಡಿ ಎಂದು ಮಾರುವ ಟಿವಿಯಲ್ಲಿರುವುದು ಇದೇ. ಹಿಂದಿನಿಂದ ನೀಲಿ ಎಲ್‌ಇಡಿ ಬೆಳಗುತ್ತದೆ, ಡಾಟ್‌ಗಳ ತೆಳು ಪದರ ಅದರಲ್ಲೊಂದಿಷ್ಟನ್ನು ಅಚ್ಚ ಕೆಂಪು ಮತ್ತು ಅಚ್ಚ ಹಸಿರಾಗಿ ಬದಲಿಸುತ್ತದೆ.

ಸನ್‌ಸ್ಕ್ರೀನ್ ಕತೆ ಚಿಕ್ಕದು. ತೊಂಬತ್ತರ ದಶಕದ ಕ್ರಿಕೆಟ್ ನೋಡಿದವರಿಗೆ ಅಲನ್ ಡೊನಾಲ್ಡ್ ಮುಖದ ಬಿಳಿ ಬಳಿದ ಗುರುತು ನೆನಪಿರಬೇಕು. ಅದು ಸತುವಿನ ಆಕ್ಸೈಡ್. ದೊಡ್ಡ ಕಣ ಕಣ್ಣಿಗೆ ಕಾಣುವ ಬೆಳಕನ್ನು ಚದುರಿಸುವುದರಿಂದ ಮುಖ ಬೆಳ್ಳಗಾಗುತ್ತದೆ. ಕಣವನ್ನು ನ್ಯಾನೋ ಮಾಡಿದರೆ ಬಿಳಿ ಮಾಯ, ಅತಿನೇರಳೆ ಕಿರಣ ತಡೆಯುವ ಗುಣ ಮಾತ್ರ ಉಳಿಯುತ್ತದೆ.

ಇಷ್ಟು ಸಣ್ಣದನ್ನು ನೋಡುವುದಾದರೂ ಹೇಗೆ? ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ 400ರಿಂದ 700 ನ್ಯಾನೋಮೀಟರ್. ಶಾಲೆಯ ಲ್ಯಾಬಿನ ಮೈಕ್ರೋಸ್ಕೋಪ್ ಇಲ್ಲಿ ಕೈಚೆಲ್ಲುತ್ತದೆ. 1959ರ ಡಿಸೆಂಬರಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಕ್ಯಾಲ್ಟೆಕ್‌ನಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಮಾಡಿದ ಭಾಷಣದಲ್ಲಿ, ಪರಮಾಣುಗಳನ್ನು ಒಂದೊಂದಾಗಿ ಜೋಡಿಸುವ ಕನಸಿತ್ತು. ಆ ಕನಸಿಗೆ ಕಣ್ಣು ಬಂದದ್ದು 1981ರಲ್ಲಿ, ಜೂರಿಚ್‌ನ ಐಬಿಎಂ ಲ್ಯಾಬಿನಲ್ಲಿ. ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಅತಿ ಚೂಪಾದ ಸೂಜಿಯನ್ನು ಮೇಲ್ಮೈಗೆ ತಾಗಿಯೂ ತಾಗದಂತೆ ಓಡಿಸಿ, ನಡುವೆ ನುಸುಳುವ ಕರೆಂಟ್ ಅಳೆದು ಪರಮಾಣುಗಳ ಉಬ್ಬುತಗ್ಗಿನ ಚಿತ್ರ ಬರೆದರು. 1989ರಲ್ಲಿ ಅದೇ ಕಂಪನಿಯ ಡಾನ್ ಐಗ್ಲರ್ ಅಂಥದ್ದೇ ಸೂಜಿಯಿಂದ 35 ಕ್ಸೆನಾನ್ ಪರಮಾಣುಗಳನ್ನು ತಳ್ಳಿ ತಳ್ಳಿ ಕಂಪನಿಯ ಹೆಸರನ್ನೇ ಬರೆದುಬಿಟ್ಟರು. ಜಾಹೀರಾತು ಅಂದರೆ ಇದು!

ಒಂದೊಂದೇ ಪರಮಾಣು ತಳ್ಳಿ ಯಾವ ಸಾಮಾನೂ ತಯಾರಾಗುವುದಿಲ್ಲ ಅನ್ನುವುದು ಬೇರೆ ಮಾತು. ಕಾರ್ಖಾನೆಯಲ್ಲಿ ನಡೆಯುವುದು ಎರಡು ದಾರಿ. ದೊಡ್ಡದನ್ನು ಕೊರೆದು ಸಣ್ಣದು ಮಾಡುವುದು, ಇಲ್ಲವೇ ದ್ರಾವಣದಲ್ಲಿ ಪರಮಾಣುಗಳು ತಾವಾಗಿ ಕೂಡಿ ಬೆಳೆಯುವಂತೆ ಮಾಡುವುದು. ಫ್ಯಾರಡೆಯ ಚಿನ್ನ ಎರಡನೇ ದಾರಿ. ಮೊಬೈಲ್ ಚಿಪ್ ಮೊದಲನೆಯದು. '3 ನ್ಯಾನೋಮೀಟರ್ ಚಿಪ್' ಎಂದು ಜಾಹೀರಾತಿನಲ್ಲಿ ಕೇಳಿರುತ್ತೀರಿ. ಆ ಚಿಪ್‌ನಲ್ಲಿ ಮೂರು ನ್ಯಾನೋಮೀಟರ್ ಯಾವುದು ಎಂದು ಹುಡುಕಲು ಹೋದರೆ ಸಿಗುವುದಿಲ್ಲ. ಅದು ತಲೆಮಾರಿನ ಹೆಸರು, ಅಳತೆಯಲ್ಲ. ಟ್ರಾನ್ಸಿಸ್ಟರ್‌ಗಳ ನಡುವಿನ ಅಂತರ ಈಗಲೂ ಹತ್ತಾರು ನ್ಯಾನೋಮೀಟರ್. ಹಾಗೆಂದು ಸಾಧನೆ ಸಣ್ಣದಲ್ಲ. 2023ರ ಐಫೋನ್ 15 ಪ್ರೋ ಒಳಗಿನ ಚಿಪ್‌ನಲ್ಲಿ 1,900 ಕೋಟಿ ಟ್ರಾನ್ಸಿಸ್ಟರ್‌ಗಳಿವೆ.

ಔಷಧದಲ್ಲಿ ನ್ಯಾನೋ ಮಾಡುವ ಕೆಲಸ ಹೆಚ್ಚಾಗಿ ಸಾಗಾಣಿಕೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಡಾಕ್ಸಿಲ್, ಹಳೆಯ ಕ್ಯಾನ್ಸರ್ ಔಷಧವೊಂದನ್ನೇ ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ಕೂರಿಸಿದ್ದು. ಹಾಗೆ ಮಾಡಿದ್ದರಿಂದ ಹೃದಯಕ್ಕಾಗುವ ಹಾನಿ ಕಡಿಮೆಯಾಯಿತು. ಫೈಜರ್ ಮತ್ತು ಮಾಡರ್ನಾ ಕೋವಿಡ್ ಲಸಿಕೆಗಳಲ್ಲೂ ಇದೇ ಉಪಾಯ. ಎಂಆರ್‌ಎನ್‌ಎ ಅಂದರೆ ಯಾವ ಪ್ರೋಟೀನ್ ಮಾಡಬೇಕೆಂದು ಜೀವಕೋಶಕ್ಕೆ ತಿಳಿಸುವ ಅಣು. ಅದು ತುಂಬಾ ನಾಜೂಕು, ಮೈಯೊಳಗೆ ಹಾಗೇ ಬಿಟ್ಟರೆ ಕ್ಷಣದಲ್ಲಿ ಚೂರಾಗುತ್ತದೆ. ಅದನ್ನು 100 ನ್ಯಾನೋಮೀಟರ್ ಆಸುಪಾಸಿನ ಕೊಬ್ಬಿನ ಕಣದೊಳಗೆ ಸುತ್ತಿ ಕಳಿಸುತ್ತಾರೆ. ಜೀವಕೋಶ ಕಣವನ್ನು ಇಡಿಯಾಗಿ ನುಂಗುತ್ತದೆ. ಒಳಗಿನ ಚೀಲದ ಆಮ್ಲ ತಾಗಿದಾಗ ಕೊಬ್ಬಿಗೆ ಧನ ವಿದ್ಯುದಂಶ ಬರುತ್ತದೆ, ಚೀಲ ಒಡೆಯುತ್ತದೆ, ಎಂಆರ್‌ಎನ್‌ಎ ಹೊರಬೀಳುತ್ತದೆ. ಅಂದಹಾಗೆ, ನಮ್ಮಲ್ಲಿ ಬಹುತೇಕರು ಹಾಕಿಸಿಕೊಂಡ ಕೋವಿಶೀಲ್ಡ್, ಕೊವ್ಯಾಕ್ಸಿನ್ ಈ ಬಗೆಯವಲ್ಲ. ಲಸಿಕೆಯಲ್ಲೂ ಚಿಪ್ ಇದೆ ಎಂದವರಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಾಗಲಿಲ್ಲ ಬಿಡಿ.

ಭಾರತದಲ್ಲಿ ಈ ಕ್ಷೇತ್ರಕ್ಕೆ ಸರ್ಕಾರದ ಹಣ ದೊಡ್ಡ ಮಟ್ಟದಲ್ಲಿ ಹರಿದದ್ದು 2007ರ ನ್ಯಾನೋ ಮಿಷನ್‌ನಿಂದ. ಅದರ ಹಿಂದಿದ್ದವರು ಬೆಂಗಳೂರಿನಲ್ಲೇ ಹುಟ್ಟಿದ ಸಿ.ಎನ್.ಆರ್. ರಾವ್. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರ ಎರಡೂ ಇಲ್ಲೇ ಇರುವುದರಿಂದ ಬೆಂಗಳೂರು ಈ ಕೆಲಸದ ಮುಖ್ಯ ಊರುಗಳಲ್ಲೊಂದು.

ಇನ್ನು ಅಪಾಯದ ಮಾತು. ಗಾತ್ರದೊಂದಿಗೆ ಗುಣ ಬದಲಾಗುತ್ತದೆ ಎಂದಮೇಲೆ, 'ಈ ವಸ್ತು ಸುರಕ್ಷಿತ' ಎಂದು ಹಿಂದೆ ಕೊಟ್ಟ ಸರ್ಟಿಫಿಕೇಟ್ ನ್ಯಾನೋ ಕಣಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ತಿಂಡಿಗಳಿಗೆ ಬಿಳುಪು ಕೊಡಲು ಹಾಕುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ಆಹಾರದಿಂದ ಹೊರಗಿಟ್ಟಿತು. ಅದರಲ್ಲಿ ಒಂದಷ್ಟು ಪಾಲು ನ್ಯಾನೋ ಗಾತ್ರದ್ದು. ವಾಸನೆ ಬಾರದಂತೆ ಬೆಳ್ಳಿ ಕಣ ಹಾಕಿದ ಕಾಲುಚೀಲಗಳನ್ನು ಅಮೆರಿಕದ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ನೀರಿನಲ್ಲಿ ಜಾಲಾಡಿಸಿ ನೋಡಿದರು. ಕೆಲವು ಬ್ರ್ಯಾಂಡುಗಳಲ್ಲಿ ಬೆಳ್ಳಿ ಬೇಗನೇ ನೀರುಪಾಲಾಯಿತು. ಬ್ಯಾಕ್ಟೀರಿಯಾ ಕೊಲ್ಲುವ ಬೆಳ್ಳಿ ಚರಂಡಿಗೆ ಸೇರಿದರೆ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ, ಅಲ್ವಾ?

ಕೊನೆಯದಾಗಿ, ನಮ್ಮ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ನ್ಯಾನೋ: ನ್ಯಾನೋ ಯೂರಿಯಾ. ರಸಗೊಬ್ಬರದ ಸಹಕಾರ ಸಂಸ್ಥೆ ಇಫ್ಕೋ ಇದನ್ನು 2021ರಲ್ಲಿ ತಂದಿತು. 500 ಮಿಲಿಲೀಟರಿನ ಒಂದು ಬಾಟಲಿ, 45 ಕಿಲೋದ ಒಂದು ಚೀಲ ಯೂರಿಯಾಕ್ಕೆ ಸಮ ಎಂಬುದು ಅವರ ಮಾತು. ವಾದ ಹೀಗಿದೆ: ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ದೊಡ್ಡ ಪಾಲು ಗಾಳಿಗೂ ನೀರಿಗೂ ಹೋಗುತ್ತದೆ. ಎಲೆಯ ಮೇಲೆ ಸಿಂಪಡಿಸಿದ ನ್ಯಾನೋ ಕಣ ಪತ್ರರಂಧ್ರದ ಮೂಲಕ ನೇರ ಒಳಗೆ ಹೋಗುವುದರಿಂದ ಸ್ವಲ್ಪವೇ ಸಾಕು.

ನಷ್ಟದ ಮಾತು ನಿಜ. ಆದರೆ ಒಂದು ಲೆಕ್ಕ ಹಾಕಿ. ಯೂರಿಯಾದಲ್ಲಿ ಶೇ 46 ಸಾರಜನಕ. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ. ಮೊದಲು ಬಂದ ನ್ಯಾನೋ ಯೂರಿಯಾದಲ್ಲಿ ಶೇ 4. ಅರ್ಧ ಲೀಟರಿನಲ್ಲಿ ಸುಮಾರು 20 ಗ್ರಾಂ. ಸಾವಿರ ಪಟ್ಟು ವ್ಯತ್ಯಾಸ! ಚೀಲದ ಯೂರಿಯಾದಲ್ಲಿ ಮುಕ್ಕಾಲು ಪಾಲು ಪೋಲಾಯಿತು ಎಂದೇ ಇಟ್ಟುಕೊಳ್ಳಿ, ಆಗಲೂ ಐದು ಕಿಲೋ ಗಿಡಕ್ಕೆ ಸಿಕ್ಕಿರುತ್ತದೆ. ಮೇಲ್ಮೈ ಎಷ್ಟೇ ಹೆಚ್ಚಾದರೂ ಪರಮಾಣುಗಳ ಸಂಖ್ಯೆ ಹೆಚ್ಚಾಗುವುದಿಲ್ಲ. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಕ್ಯಾಟಲಿಸ್ಟ್ ಆದರೆ ಒಂದೇ ಕಣ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ, ಅಲ್ಲಿ ನ್ಯಾನೋ ಗೆಲ್ಲುತ್ತದೆ. ಗೊಬ್ಬರ ಹಾಗಲ್ಲ. ಕಾಳಿನೊಳಗಿನ ಪ್ರೋಟೀನಿಗೆ ಬೇಕಾದ ಸಾರಜನಕ ತೂಕದಲ್ಲೇ ಬರಬೇಕು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಚೀಲದ ಯೂರಿಯಾ ಕಡಿಮೆ ಮಾಡಿ ನ್ಯಾನೋ ಸಿಂಪಡಿಸಿದ ಭತ್ತ ಮತ್ತು ಗೋಧಿಯ ಇಳುವರಿ ಇಳಿಯಿತು. ತಮ್ಮ ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿದೆ ಎಂದು ಇಫ್ಕೋ ಹೇಳುತ್ತದೆ. ಸಾರಜನಕ ಹೆಚ್ಚಿಸಿದ ಹೊಸ ಬಾಟಲಿಯೂ ಬಂದಿದೆ. ಅದರಲ್ಲಿರುವುದೂ ಗ್ರಾಂ ಲೆಕ್ಕವೇ, ಕಿಲೋ ಲೆಕ್ಕವಲ್ಲ. ಇತ್ತ ಯೂರಿಯಾ ಚೀಲ ಕೇಳಲು ಹೋದರೆ ಬಾಟಲಿಯನ್ನೂ ಕಟ್ಟಿಕೊಡುತ್ತಾರೆ ಎಂಬ ರೈತರ ದೂರು ಹಲವೆಡೆ ಕೇಳಿಬಂದಿದೆ.

ಬಾಟಲಿ ಹೇಗೂ ಮನೆಗೆ ಬಂದಿದ್ದರೆ ಹೊಲದಲ್ಲೇ ನೋಡಿಬಿಡಿ. ಒಂದೇ ಮಣ್ಣು, ಒಂದೇ ತಳಿ, ಒಂದೇ ದಿನ ಬಿತ್ತಿದ ಮೂರು ಪಟ್ಟೆ ಗುರುತು ಮಾಡಿ. ಮೂರಕ್ಕೂ ಬಿತ್ತನೆಯ ಗೊಬ್ಬರ ಒಂದೇ ಅಳತೆ. ಮೇಲುಗೊಬ್ಬರದ ಹೊತ್ತಿಗೆ ಒಂದಕ್ಕೆ ಎಂದಿನಂತೆ ಯೂರಿಯಾ, ಇನ್ನೊಂದಕ್ಕೆ ನ್ಯಾನೋ ಸಿಂಪಡಣೆ, ಮೂರನೆಯದಕ್ಕೆ ಅಷ್ಟೇ ನೀರು, ಬರೀ ನೀರು. ಈ ಮೂರನೇ ಪಟ್ಟೆಯನ್ನು ಮಾತ್ರ ತಪ್ಪಿಸಬೇಡಿ. ಅದಿಲ್ಲದಿದ್ದರೆ ಬೆಳೆ ಬಂದದ್ದು ಬಾಟಲಿಯಿಂದಲೋ, ಮಣ್ಣಿನಲ್ಲಿ ಮೊದಲೇ ಇದ್ದ ಸಾರದಿಂದಲೋ ಗೊತ್ತಾಗುವುದಿಲ್ಲ. ಎಲೆಯ ಹಸಿರು ನೋಡಿ ತೀರ್ಮಾನ ಮಾಡಬೇಡಿ, ಕಣ್ಣು ಮೋಸ ಮಾಡುತ್ತದೆ. ಕೊಯ್ಲಾದ ಮೇಲೆ ಮೂರು ಪಟ್ಟೆಯ ಕಾಳನ್ನೂ ಬೇರೆ ಬೇರೆ ಒಣಗಿಸಿ ತೂಗಿ.